ಹಲಗೆಯ ಕೆಳಗಿನ ಕೊಳೆ: ಚಾತುರ್ಮಾಸ್ಯದ ಒಂದು ಚಿಂತನೆ

॥ ಶ್ರೀಃ ॥

(ಚಾತುರ್ಮಾಸ್ಯದ ಪೂರ್ವಭಾವಿಯಾಗಿ ಅಬಲೂರಿನಲ್ಲಿ ಮಾಡಿದ ಉಪನ್ಯಾಸದ ಸಾರಾಂಶ)



ಆಷಾಢ ಶುದ್ಧ ಏಕಾದಶಿಯು ಸಮೀಪಿಸುತ್ತಿದೆ. ಕ್ಷೀರಸಾಗರಶಾಯಿಯಾದ ಶ್ರೀಹರಿಯು ಅಂದು ಯೋಗನಿದ್ರೆಯನ್ನು ಅಂಗೀಕರಿಸುವನೆಂದು ಶಾಸ್ತ್ರಗಳು ಸಾರುತ್ತವೆ. ಅಂದು ತಪ್ತಮುದ್ರಾಧಾರಣೆಯಾಗಬೇಕು. ಆ ಮೇಲೆ ಶಾಕವ್ರತ, ಶ್ರಾವಣದಲ್ಲಿ ದಧಿವ್ರತ, ಭಾದ್ರಪದದಲ್ಲಿ ಕ್ಷೀರವ್ರತ, ಆಶ್ವಯುಜದಲ್ಲಿ ದ್ವಿದಳವ್ರತ, ಹೀಗೆ ಉತ್ಥಾನದ್ವಾದಶಿಯವರೆಗೆ ನಮ್ಮ ಮನೆಗಳಲ್ಲಿ ಆಚರಣೆ ಸಾಗಿಬರುತ್ತದೆ. ಯಾವ ತಿಂಗಳಲ್ಲಿ ಯಾವ ಪದಾರ್ಥ ವರ್ಜ್ಯವೆಂಬುದು ಇಲ್ಲಿ ಕುಳಿತಿರುವ ಮಾತೆಯರಿಗೆ ಕಂಠಪಾಠವಾಗಿದೆ. ಅದನ್ನು ಹೇಳಲು ನಾವು ನಿಂತಿಲ್ಲ. ಈ ನಾಲ್ಕು ತಿಂಗಳು ನಾಲಿಗೆಗೆ ಮಾತ್ರ ಕಟ್ಟಳೆಯೋ, ನಾಲಿಗೆಯ ಹಿಂದಿರುವ ಮನಸ್ಸಿಗೂ ಕಟ್ಟಳೆಯೋ ಎಂಬುದನ್ನು ಇಂದು ವಿಚಾರಿಸಬೇಕೆಂದಿದ್ದೇವೆ. ಇದಕ್ಕೆ ನಾವು ಆರಿಸಿಕೊಂಡ ದೃಷ್ಟಾಂತ ಒಂದು ಹಳೆಯ ದೋಣಿ.

ಅಬಲೂರಿಗೂ ದೋಣಿಗೂ ಏನು ಸಂಬಂಧವೆಂದು ನೀವು ಕೇಳಬಹುದು. ನಮ್ಮದು ಹಿರೇಕೆರೂರಿನ ಸೀಮೆ, ಕೆರೆಯ ನೀರು ಮತ್ತು ಹೊಲದ ಮಣ್ಣನ್ನು ನಂಬಿದ ಸೀಮೆ. ತುಂಗಭದ್ರೆಯ ಹರಿಗೋಲನ್ನು ಕಂಡಿದ್ದೇವೆಯೇ ಹೊರತು ಕಡಲ ದೋಣಿಯ ಗೊಡವೆ ನಮಗಿಲ್ಲ. ಆದರೂ ಕಡಲಿಗೂ ನಮಗೂ ಹಳೆಯದೊಂದು ದಾರಿಯುಂಟು. ನಮ್ಮ ನೆರೆಯ ಬಾಡದಲ್ಲಿ ಹುಟ್ಟಿ ಕಾಗಿನೆಲೆಯ ಆದಿಕೇಶವನನ್ನು ನೆಚ್ಚಿದ ಕನಕದಾಸರು ನಡೆದು ಮುಟ್ಟಿದ ಕ್ಷೇತ್ರ ಉಡುಪಿ. ಸವಣೂರಿನಲ್ಲಿ ಶ್ರೀಸತ್ಯಬೋಧತೀರ್ಥರ ವೃಂದಾವನಕ್ಕೂ ಹೊಸರಿತ್ತಿಯಲ್ಲಿ ಶ್ರೀಧೀರೇಂದ್ರತೀರ್ಥರ ವೃಂದಾವನಕ್ಕೂ ಪ್ರದಕ್ಷಿಣೆ ಬರುವ ನಮ್ಮ ಕುಟುಂಬಗಳು ಇಂದಿಗೂ ಶಿಕಾರಿಪುರ, ಶಿವಮೊಗ್ಗ, ತೀರ್ಥಹಳ್ಳಿಗಳನ್ನು ದಾಟಿ, ಆಗುಂಬೆಯ ಘಟ್ಟವನ್ನಿಳಿದು ಶ್ರೀಕೃಷ್ಣನ ದರ್ಶನಕ್ಕೆ ಹೋಗುತ್ತವೆ. ಹೋದ ವರ್ಷ ವೈಶಾಖದ ಕೊನೆಯಲ್ಲಿ ನಮಗೂ ಉಡುಪಿಯಲ್ಲಿ ಹದಿನೈದು ದಿನ ತಂಗುವ ಯೋಗ ಒದಗಿತು. ಬೆಳಗ್ಗೆ ಪಾಠ. ಸಾಯಂಕಾಲ ಬಿಡುವು. ಆ ಬಿಡುವಿನಲ್ಲಿ ಮಲ್ಪೆಯ ವಡಭಾಂಡೇಶ್ವರಕ್ಕೆ ಹೋಗಿ ಬಲರಾಮದೇವರಿಗೆ ನಮಸ್ಕರಿಸಿ, ಕಡಲ ದಂಡೆಯಲ್ಲಿ ಕುಳಿತು ಬರುವುದು ರೂಢಿಯಾಯಿತು.

ಆ ಮರಳ ತೀರದ ಮಹಿಮೆಯನ್ನು ನಿಮಗೆ ಹೇಳಬೇಕಾದುದಿಲ್ಲ. ಹದಿಮೂರನೆಯ ಶತಮಾನದಲ್ಲಿ ಶ್ರೀಮದಾಚಾರ್ಯರು ಅಲ್ಲಿಯೇ ನಿಂತು, ಬಿರುಗಾಳಿಗೆ ಸಿಕ್ಕಿದ ಹಡಗೊಂದನ್ನು ತಮ್ಮ ಶಾಟಿಯನ್ನು ಬೀಸಿ ದಡಕ್ಕೆ ಕರೆತಂದರು. ಹಡಗಿನೊಡೆಯನು ಏನು ಬೇಕಾದರೂ ಸ್ವೀಕರಿಸಬೇಕೆಂದು ಬಿನ್ನವಿಸಲು, ಹಡಗಿನಲ್ಲಿ ಭಾರಕ್ಕಾಗಿ ಇಟ್ಟಿದ್ದ ಗೋಪೀಚಂದನದ ಹೆಂಟೆಯನ್ನು ಮಾತ್ರ ಬೇಡಿದರು. ಅದರೊಳಗಿನಿಂದ ಕಡೆಗೋಲು ಹಿಡಿದ ಬಾಲಕೃಷ್ಣನು ಪ್ರಕಟನಾದನು ಎಂಬುದು ನಮ್ಮ ಸಂಪ್ರದಾಯ. ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ದ್ವಾರಕೆಯಿಂದ ಮಲ್ಪೆಯವರೆಗೆ ಭಗವಂತನು ಬಂದದ್ದು ಹಡಗಿನ ತಳದಲ್ಲಿ. ಮೇಲೆ ಓಡಾಡುತ್ತಿದ್ದ ನಾವಿಕರಿಗೆ ಕೆಳಗೆ ಏನಿದೆಯೆಂಬುದರ ಅರಿವಿರಲಿಲ್ಲ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಕೊನೆಯಲ್ಲಿ ಮತ್ತೆ ಇಲ್ಲಿಗೇ ಬರುತ್ತೇವೆ.

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದ ಬೋಟುಗಳು ಕಡಲಿಗಿಳಿಯುವಂತಿಲ್ಲ. ಸರಕಾರದ ನಿಷೇಧ. ನಮ್ಮ ಯತಿಗಳು ಒಂದೆಡೆ ನಿಲ್ಲುವ ಕಾಲಕ್ಕೆ ಸ್ವಲ್ಪ ಮುಂಚಿತವಾಗಿಯೇ ದೋಣಿಗಳೂ ದಡದಲ್ಲಿ ನಿಲ್ಲುತ್ತವೆ. ನಿಂತ ದೋಣಿಗೆ ವಿಶ್ರಾಂತಿಯೆಂದು ನಾವು ತಿಳಿದಿದ್ದೆವು. ಹಾಗಲ್ಲ, ಅದು ದುರಸ್ತಿಯ ಕಾಲ. ಮಳೆ ಹಿಡಿಯುವ ಮೊದಲೇ ರಾಳದ ಕೆಲಸ ಮುಗಿಯಬೇಕೆಂದು, ಸುಮಾರು ಮೂವತ್ತಡಿಯ ಒಂದು ಹಳೆಯ ಫೈಬರ್ ದೋಣಿಯನ್ನು ಅದರ ಒಡೆಯರು ಮೇ ತಿಂಗಳಲ್ಲಿಯೇ ದಡಕ್ಕೆಳೆದು ತಾಡಪತ್ರಿಯ ಚಪ್ಪರದಡಿ ನಿಲ್ಲಿಸಿದ್ದರು. ವೃದ್ಧರಾದ ಮೇಸ್ತ್ರಿಯೊಬ್ಬರು ಅದರ ಮೇಲೆ ಕುಳಿತು ಕೊಡತಿಯಿಂದ ಮೆಲ್ಲಮೆಲ್ಲನೆ ಬಡಿಯುತ್ತಿದ್ದರು. ಬಡಿಯುವುದು, ಕಿವಿಗೊಡುವುದು, ಸೀಮೆಸುಣ್ಣದಿಂದ ಗುರುತು ಹಾಕುವುದು.

ಮೀನುಗಾರರ ದೋಣಿಯ ಬಳಿ ಅರ್ಚಕರ ಮಗನಿಗೆ ಏನು ಕೆಲಸವೆಂದು ಯಾರಾದರೂ ಆಕ್ಷೇಪಿಸಿದರೆ, ಮಹಾಭಾರತದ ವನಪರ್ವವನ್ನು ನೆನೆಯಬೇಕು. ವೇದಾಧ್ಯಯನಸಂಪನ್ನನಾದ ಕೌಶಿಕನು ಧರ್ಮಸೂಕ್ಷ್ಮವನ್ನರಿಯಲು ಮಿಥಿಲೆಯ ಮಾಂಸದಂಗಡಿಯ ಮುಂದೆ ನಿಂತು ಧರ್ಮವ್ಯಾಧನಿಂದ ಕೇಳಿ ತಿಳಿಯಬೇಕಾಯಿತು. ನಾವೂ ನಿಂತು ಕೇಳಿದೆವು: “ಮೇಸ್ತ್ರಿಗಳೇ, ಬಡಿದು ಏನನ್ನು ನೋಡುತ್ತೀರಿ?” ಅವರು ತಲೆಯೆತ್ತಿ ನಕ್ಕರು. “ನೋಡುವುದಲ್ಲ ಭಟ್ರೇ, ಕೇಳುವುದು. ನೋಡಿದರೆ ಎಲ್ಲಾ ಸರಿಯೇ ಉಂಟು. ಬಡಿದರೆ ಮಾತ್ರ ಗೊತ್ತಾಗುತ್ತದೆ. ಇಲ್ಲಿ ಟಣ್ ಅನ್ನುತ್ತದೆ, ಅಲ್ಲಿ ದಬ್ ಅನ್ನುತ್ತದೆ. ದಬ್ ಅಂದಲ್ಲಿ ಒಳಗೆ ಕುಂಬಾಗಿದೆ.”

ಫೈಬರ್ ದೋಣಿಯೆಂದರೆ ಪೂರ್ತಿ ಫೈಬರೆಂದೇ ನಾವು ಭಾವಿಸಿದ್ದೆವು. ಅದು ಹಾಗಿಲ್ಲ. ಗಾಜನ್ನು ಕೂದಲಿನಂತೆ ಎಳೆದು ನಾರಾಗಿಸಿ, ಆ ನಾರಿನ ಚಾಪೆಗೆ ರಾಳವನ್ನು ಕುಡಿಸಿದರೆ ಅದು ಗಟ್ಟಿಯಾಗಿ ಚಿಪ್ಪಾಗುತ್ತದೆ. ಆ ಚಿಪ್ಪಿಗೆ ನೀರು ತಾಗದು, ಕಡಲಿನಲ್ಲಿ ಮರವನ್ನು ಕೊರೆದು ತಿನ್ನುವ ಹುಳು ಅದನ್ನು ಮುಟ್ಟದು. ಆದರೆ ಜನರು ನಿಂತು ಬಲೆಯೆಳೆಯುವ ಮೇಲುಹಾಸಿಗೆ ಬರಿಯ ಚಿಪ್ಪು ಸಾಲದು, ಅದು ಬಾಗುತ್ತದೆ. ಆದಕಾರಣ ಆ ದೋಣಿಯಲ್ಲಿ ಮೇಲೊಂದು ಚಿಪ್ಪು, ಕೆಳಗೊಂದು ಚಿಪ್ಪು, ನಡುವೆ ಮರದ ಹಲಗೆಯನ್ನಿಟ್ಟಿದ್ದರು. ಅದರ ಕೆಳಗೆ ಮರದ ತೊಲೆಗಳು. ಹೊಳೆಯುವುದು ಚಿಪ್ಪು, ಭಾರ ಹೊರುವುದು ಮರ. ಹೊರುವ ಮರ ಕೊಳೆತರೂ ಹೊಳೆಯುವ ಚಿಪ್ಪು ಬಹುಕಾಲ ಹೊಳೆಯುತ್ತಲೇ ಇರುತ್ತದೆ. ಕಾಲಿಟ್ಟಾಗ ತುಸು ಮೆತ್ತಗಾದಂತೆ ತೋರುವುದೊಂದೇ ಸೂಚನೆ. ಬಹುಮಂದಿ ಆ ಸೂಚನೆಯನ್ನು ಬಲ್ಲರು. ಬಲ್ಲವರು ಆ ಜಾಗದಲ್ಲಿ ಕಾಲಿಡದೆ ಪಕ್ಕದಲ್ಲಿ ನಡೆಯುವುದನ್ನು ಅಭ್ಯಾಸ ಮಾಡಿಕೊಳ್ಳುತ್ತಾರೆ, ಅಷ್ಟೆ.

ಮಹನೀಯರೇ, ಈ ಮಾತನ್ನು ಕೇಳಿದಾಗ ನಮಗೆ ಎದೆಯಲ್ಲಿ ಏನೋ ಚುಚ್ಚಿದಂತಾಯಿತು. ನಮ್ಮ ಮನೆಗಳಲ್ಲಿಯೂ ಎಲ್ಲರಿಗೂ ಗೊತ್ತಿದ್ದು, ಯಾರೂ ಕಾಲಿಡದೆ ಸುತ್ತಿ ನಡೆಯುವ ಜಾಗಗಳಿಲ್ಲವೇ? ಈ ಮಾತು ತೆಗೆದರೆ ಅತ್ತೆಯವರಿಗೆ ಬೇಸರ, ಆ ಹೆಸರೆತ್ತಿದರೆ ದೊಡ್ಡಪ್ಪನವರು ಊಟದಿಂದೆದ್ದು ಹೋಗುತ್ತಾರೆ ಎಂದು ನಾವು ಬದಿಗೆ ಸರಿದು ನಡೆಯುವುದಿಲ್ಲವೇ?

ನೀರು ಒಳಗೆ ಹೋದದ್ದು ಹೇಗೆಂದು ಕೇಳಿದೆವು. ಕಡಲು ಎಲ್ಲಿಯೋ ಒಡೆದು ನುಗ್ಗಿರಬೇಕೆಂಬುದು ನಮ್ಮ ಊಹೆ. ಮೇಸ್ತ್ರಿಗಳು ಒಂದು ಸ್ಕ್ರೂ ಮೊಳೆಯನ್ನು ಬಿಚ್ಚಿ ತೋರಿಸಿದರು. ಹಗ್ಗ ಕಟ್ಟುವ ಗೂಟವನ್ನು ಬಿಗಿಯಲು ಯಾರೋ ಎಂದೋ ಮೇಲುಹಾಸಿಗೆ ತೂತು ಕೊರೆದು ನಾಲ್ಕು ಸ್ಕ್ರೂಗಳನ್ನು ಹಾಕಿದ್ದರು. ಆ ತೂತಿನ ಅಂಚಿಗೆ ರಾಳ ಹಚ್ಚುವುದನ್ನು ಮರೆತಿದ್ದರು. ಗೂಟವನ್ನು ಹಗ್ಗ ಎಳೆದೆಳೆದು ಸ್ಕ್ರೂ ಸಡಿಲವಾಯಿತು. ಕೂದಲಿನಷ್ಟು ಸಂದು, ಅದರ ಮೂಲಕ ವರುಷವರುಷ ಮಳೆಯ ನೀರು. ಕಡಲಿನ ಅಲೆಯಲ್ಲ, ಮಳೆಯ ಹನಿ. ಉಪ್ಪುನೀರಿಗಿಂತ ಸಿಹಿನೀರೇ ದೋಣಿಯ ಮರವನ್ನು ಬೇಗ ಕೊಳೆಸುತ್ತದೆಂದೂ, ಮರವನ್ನು ತಿನ್ನುವ ಬೂಷ್ಟಿಗೆ ಉಪ್ಪು ಒಗ್ಗದೆಂದೂ ಅವರು ಹೇಳಿದರು. ಅದಕ್ಕಾಗಿಯೇ ತಿಳಿದವರು ದೋಣಿಯ ಮೇಲುಹಾಸನ್ನು ಕಡಲ ನೀರಿನಿಂದಲೇ ತೊಳೆಯುತ್ತಾರಂತೆ.

ಪರೀಕ್ಷಿದ್ರಾಜನ ಕಥೆಯನ್ನು ಸ್ಮರಿಸಿರಿ. ಒಂಟಿಕಂಬದ ಮಂದಿರ, ಸುತ್ತಲೂ ಕಾವಲು, ಮಂತ್ರವಾದಿಗಳು, ಔಷಧಗಳು. ತಕ್ಷಕನು ಬಂದದ್ದು ಹಣ್ಣಿನೊಳಗಿನ ಸಣ್ಣ ಹುಳುವಾಗಿ, ಪ್ರಸಾದವೆಂಬಂತೆ ಕೈಗೆ ಬಂದ ಹಣ್ಣಿನಲ್ಲಿ. ನಾವು ಕಡಲನ್ನು ಎದುರಿಸಲು ಸಿದ್ಧರಾಗಿರುತ್ತೇವೆ. ದಾರಿದ್ರ್ಯ ಬಂದರೆ ದೇವರನ್ನು ಹಿಡಿದುಕೊಳ್ಳುತ್ತೇವೆ, ರೋಗ ಬಂದರೆ ಹರಕೆ ಹೊರುತ್ತೇವೆ. ಉಪ್ಪುನೀರು ನಮ್ಮನ್ನು ಅಷ್ಟಾಗಿ ಕೆಡಿಸುವುದಿಲ್ಲ. ನಮ್ಮನ್ನು ಕೆಡಿಸುವುದು ಸಿಹಿನೀರು. ಶಾಲು ಹೊದಿಸಿದಾಗ ಬಂದ ಹೊಗಳಿಕೆ, ಪಂಕ್ತಿಯಲ್ಲಿ ಸಿಕ್ಕ ಮೊದಲ ಎಲೆ, ‘ನಿಮ್ಮಂಥ ಆಚಾರವಂತರು ಇನ್ನಾರಿದ್ದಾರೆ’ ಎಂಬ ಮಾತು. ಇವು ನಾಲಿಗೆಗೆ ರುಚಿ. ನಾವೇ ಕೊರೆದ ತೂತಿನಿಂದ ಇವು ಇಳಿಯುತ್ತವೆ.

ಕೊಳೆತವೆಂಬುದರ ಧರ್ಮವನ್ನು ಸ್ವಲ್ಪ ತಿಳಿಯೋಣ. ಮರ ತಾನಾಗಿ ಕೊಳೆಯುವುದಿಲ್ಲ. ಬೂಷ್ಟಿನ ಜಾತಿಯ ಸೂಕ್ಷ್ಮಜೀವಿಗಳು ಅದನ್ನು ತಿನ್ನುತ್ತವೆ. ಅವುಗಳ ಬೀಜ ಗಾಳಿಯಲ್ಲಿ ಎಲ್ಲೆಡೆಯೂ ಉಂಟು, ಅದನ್ನು ತಡೆಯಲಾಗದು. ಆದರೆ ಮೊಳೆಯಲು ತೇವ ಬೇಕು, ಗಾಳಿ ಬೇಕು, ಬೆಚ್ಚಗಿರಬೇಕು. ಮರದಲ್ಲಿರುವ ನೀರು ಒಣಮರದ ತೂಕದ ನೂರಕ್ಕೆ 20 ಪಾಲಿಗಿಂತ ಕಡಿಮೆಯಿದ್ದರೆ ಅವು ಬೆಳೆಯಲಾರವು. ಆದುದರಿಂದಲೇ ನಮ್ಮ ಮಾಳಿಗೆಮನೆಗಳಲ್ಲಿ ಒಲೆಯ ಹೊಗೆ ತಾಗುವ ಒಣ ಜಂತಿ ಅಜ್ಜನ ಕಾಲದಿಂದ ನಿಂತಿದೆ, ಸೋರುವ ಗೋಡೆಯೊಳಗೆ ಹುದುಗಿದ ತೊಲೆಯ ತುದಿ ಮಾತ್ರ ಲಡ್ಡು ಹಿಡಿಯುತ್ತದೆ. ಪೂರ್ತಿ ನೀರಿನಲ್ಲಿ ಮುಳುಗಿದ ಮರವೂ ಬೇಗನೆ ಕೊಳೆಯದು, ಅಲ್ಲಿ ಗಾಳಿಯಿಲ್ಲ. ಬಾವಿಯ ತಳಕ್ಕೆ ಹಾಕಿದ ನೆಲ್ಲಿಯ ಮರ ವರುಷಗಟ್ಟಲೆ ಬಾಳುವುದನ್ನು ಕಂಡಿದ್ದೇವೆ. ಒಣಗಿದ್ದೂ ಉಳಿಯುತ್ತದೆ, ಮುಳುಗಿದ್ದೂ ಉಳಿಯುತ್ತದೆ. ಅರ್ಧ ಒದ್ದೆಯಾಗಿ, ಮೇಲೆ ಮುಚ್ಚಿಟ್ಟದ್ದು ಕೊಳೆಯುತ್ತದೆ.

ಫೈಬರಿನ ಚಿಪ್ಪು ಇಲ್ಲಿ ಎರಡು ಅಲಗಿನ ಕತ್ತಿ. ಒಳಮರ ಒಣಗಿರುವವರೆಗೆ ನೀರನ್ನು ಹೊರಗೆ ತಡೆಯುವುದೂ ಅದೇ. ಒಮ್ಮೆ ನೀರು ಒಳಹೊಕ್ಕರೆ ಹೊರಗೆ ಹೋಗದಂತೆ ತಡೆಯುವುದೂ ಅದೇ. ಹಿಂದಿನ ಕಾಲದ ಮರದ ದೋಣಿಗಳಿಗೆ ಮೀನೆಣ್ಣೆಯನ್ನೋ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನೋ ಬಳಿಯುತ್ತಿದ್ದರು. ನೆನೆದರೂ ಬಿಸಿಲಿಗೆ ಮತ್ತೆ ಒಣಗುತ್ತಿತ್ತು. ಮುಚ್ಚಿದ ಚಿಪ್ಪಿನೊಳಗೆ ಆ ಅವಕಾಶವಿಲ್ಲ. ನಮ್ಮ ಆಚಾರವೂ ಹೀಗೆಯೇ. ನಾಮ, ಮುದ್ರೆ, ಮಡಿ, ನಿಯಮ ಇವೆಲ್ಲ ರಕ್ಷಾಕವಚ. ಅವುಗಳನ್ನು ಹಗುರವಾಗಿ ಆಡುವ ಮಾತು ನಮ್ಮ ಬಾಯಲ್ಲಿ ಬಾರದಿರಲಿ. ಆದರೆ ಒಳಗೆ ತೇವ ಸೇರಿದ ಮೇಲೆ ಅದೇ ಕವಚವನ್ನು ಮತ್ತಷ್ಟು ಬಿಗಿದರೆ ಒಳಗಿನದು ಒಣಗುವುದಿಲ್ಲ, ಇನ್ನಷ್ಟು ಕೊಳೆಯುತ್ತದೆ. ಕೊಚ್ಚಿಯಲ್ಲಿ 1957ರಲ್ಲಿ ಸ್ಥಾಪಿತವಾದ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯವರು ರಬ್ಬರ್ ಮರದಿಂದ ದೋಣಿ ಮಾಡುವ ವಿಧಾನವನ್ನು ರೂಪಿಸಿದ್ದಾರೆ. ಬೇಗ ಹಾಳಾಗುವ ಮರ ಅದು. ಆದಕಾರಣ ಮೊದಲು ಮರದೊಳಕ್ಕೆ ಸಂರಕ್ಷಕ ದ್ರಾವಣವನ್ನು ಕುಡಿಸಿ, ಅನಂತರ ಮೇಲೆ ಗಾಜಿನ ನಾರನ್ನು ಹೊದಿಸುತ್ತಾರೆ. ಮೊದಲು ಒಳಗೆ ಮದ್ದು, ಆಮೇಲೆ ಹೊರಗೆ ಹೊದಿಕೆ. ಈ ಕ್ರಮವನ್ನು ತಿರುವುಮುರುವು ಮಾಡಬಾರದು.

ಇನ್ನು ದುರಸ್ತಿಯ ಕ್ರಮ. ದೋಣಿಯ ಒಡೆಯರು ಮೊದಲ ದಿನ ಕೇಳಿದ ಪ್ರಶ್ನೆ ನಮ್ಮೆಲ್ಲರ ಪ್ರಶ್ನೆ: “ಒಂದೆರಡು ತೂತು ಕೊರೆದು ಒಳಗೆ ರಾಳ ಹೊಯ್ದುಬಿಟ್ಟರೆ ಆಗುವುದಿಲ್ಲವೇ?” ಮೇಸ್ತ್ರಿಗಳು ತಲೆಯಾಡಿಸಿದರು. ಒದ್ದೆಯಾದ ಮರ ರಾಳವನ್ನು ಹೀರುವುದಿಲ್ಲ. ಮೇಲೆ ನಾಲ್ಕು ಬೆರಳು ಗಟ್ಟಿಯಾಗುತ್ತದೆ, ಕೆಳಗಿನ ಕೊಳೆ ಹಾಗೆಯೇ ಉಳಿದು ಪಕ್ಕಕ್ಕೆ ಹಬ್ಬುತ್ತದೆ. ಅನುತಾಪವಿಲ್ಲದ ಪ್ರಾಯಶ್ಚಿತ್ತವೂ ಹೀಗೆಯೇ. ಮಾಡಿದ್ದು ತಪ್ಪೆಂದು ಒಳಗೆ ಬೇಯದವನಿಗೆ ಸಂಕಲ್ಪ, ದಾನ, ದಕ್ಷಿಣೆಗಳು ಮೇಲಿನ ನಾಲ್ಕು ಬೆರಳನ್ನು ಮಾತ್ರ ಗಟ್ಟಿ ಮಾಡುತ್ತವೆ.

ಮರುದಿನ ಅವರು ಯಂತ್ರದಿಂದ ಮೇಲಿನ ಚಿಪ್ಪನ್ನು ಕೊಯ್ದರು. ನೋಡಲು ಹೊಸದರಂತಿದ್ದ ಬಿಳಿಯ ಹೊದಿಕೆಯನ್ನು ಕೊಯ್ಯುವಾಗ ಒಡೆಯರ ಮುಖ ಬಾಡಿತು. ತೆರೆದು ನೋಡಿದರೆ ಒಳಗೆ ಕಂದು ಬಣ್ಣದ, ಸಣ್ಣಸಣ್ಣ ಚೌಕಗಳಾಗಿ ಬಿರಿದ ಮರ. ಬೆರಳಿನಿಂದ ಒತ್ತಿದರೆ ಪುಡಿಯಾಗುತ್ತಿತ್ತು. ಹುಳಿತ ಮಣ್ಣಿನ ವಾಸನೆ. ಮರಕ್ಕೆ ಬಲ ಕೊಡುವ ನಾರಿನ ಅಂಶವನ್ನು ತಿಂದು, ತಿನ್ನಲಾಗದ ಕಂದು ಅಂಶವನ್ನು ಬಿಟ್ಟರೆ ಹೀಗಾಗುತ್ತದೆಯಂತೆ. ಆಕಾರ ಮರದ್ದೇ, ಸತ್ತ್ವ ಹೋಗಿದೆ. ಸೀಮೆಸುಣ್ಣದ ಗುರುತು ಒಂದೂವರೆ ಅಡಿಯಷ್ಟಿತ್ತು, ಕೊಳೆ ಮೂರಡಿಯಾಚೆಗೂ ಹರಡಿತ್ತು. ಮೇಸ್ತ್ರಿಗಳು ಉಳಿಯಿಂದ ಕೆತ್ತುತ್ತಾ, ದಬ್ಬಳದಿಂದ ಚುಚ್ಚುತ್ತಾ ಹೋದರು. ದಬ್ಬಳ ಒಳಗಿಳಿಯದಂಥ ಗಟ್ಟಿಮರ ಸಿಕ್ಕಿದ ಮೇಲೂ ಒಂದು ಗೇಣು ಆಚೆಗೆ ಕತ್ತರಿಸಿ ತೆಗೆದರು. “ಚೆನ್ನಾಗಿದೆಯಲ್ಲ, ಅದನ್ನೇಕೆ ತೆಗೆಯುವುದು?” ಎಂದು ನಾವು ಕೇಳಿದೆವು. “ಬೇರು ಕಣ್ಣಿಗೆ ಕಾಣುವುದಿಲ್ಲ ಭಟ್ರೇ. ಒಂದು ಎಳೆ ಉಳಿದರೆ ಮುಂದಿನ ಮಳೆಗೆ ಮತ್ತೆ ಶುರು” ಎಂದರು.

ಅನಂತರ ಮೂರು ದಿನ, ಐದು ದಿನ, ಎಂಟು ದಿನ ಏನೂ ನಡೆಯಲಿಲ್ಲ. ತೆರೆದಿಟ್ಟ ದೋಣಿ ಹಾಗೆಯೇ ಇತ್ತು. ಕೆಲಸ ನಿಂತಿತೇ ಎಂದು ವಿಚಾರಿಸಿದರೆ, “ಕೆಲಸ ನಡೆಯುತ್ತಾ ಉಂಟು, ಒಣಗುತ್ತಾ ಉಂಟು” ಎಂಬ ಉತ್ತರ. ಒಡೆಯರಿಗೆ ಅವಸರ. ಮಳೆ ಬಂದೀತೆಂಬ ಭಯ. ಮೇಸ್ತ್ರಿಗಳು ಜಗ್ಗಲಿಲ್ಲ. ಹಗಲು ತಾಡಪತ್ರಿಯನ್ನು ಸರಿಸಿ ಬಿಸಿಲು ಕಾಣಿಸುವರು, ರಾತ್ರಿ ಇಬ್ಬನಿಯಾಗದಂತೆ ಮುಚ್ಚುವರು. ಕತ್ತರಿಸುವುದಕ್ಕೆ ಒಂದು ದಿನ ಸಾಕು, ಹೊದಿಸುವುದಕ್ಕೆ ಎರಡು ದಿನ ಸಾಕು, ನಡುವಿನ ಒಣಗುವಿಕೆಗೆ ಮಾತ್ರ ಯಾರೂ ಅವಸರ ಮಾಡುವಂತಿಲ್ಲ.

ಎಲ್ಲ ಒಣಗಿದ ಮೇಲೆ ಕಡಲಿನ ಕೆಲಸಕ್ಕೆಂದೇ ಮಾಡಿದ, ಐಎಸ್ 710 ಎಂಬ ಭಾರತೀಯ ಮಾನಕದ ಗುರುತುಳ್ಳ ಪ್ಲೈವುಡ್ಡನ್ನು ಅಳತೆಗೆ ಕೊಯ್ದರು. ಅದರ ಎಲ್ಲ ಅಂಚುಗಳಿಗೂ ರಾಳ ಕುಡಿಸಿದರು. ಮರ ನೀರನ್ನು ಹೆಚ್ಚಾಗಿ ಕುಡಿಯುವುದು ಕತ್ತರಿಸಿದ ತುದಿಯಿಂದಲೇ. ಹಳೆಯ ಚಿಪ್ಪಿನ ಅಂಚನ್ನು ನೇರವಾಗಿ ಬಿಡದೆ ಅದರ ದಪ್ಪದ ಹನ್ನೆರಡು ಪಟ್ಟು ಅಗಲಕ್ಕೆ ಇಳಿಜಾರಾಗಿ ಉಜ್ಜಿದರು. ಹೊಸದನ್ನು ಹಳೆಯದಕ್ಕೆ ತುದಿಗೆ ತುದಿ ತಾಗಿಸಿದರೆ ಮೊದಲ ಅಲೆಗೇ ಬಿರಿಯುತ್ತದೆ. ಉದ್ದವಾಗಿ ಒಂದರ ಮೇಲೊಂದು ಹಬ್ಬಿಸಿದರೆ ಎರಡೂ ಒಂದಾಗುತ್ತವೆ. ರಾಳವನ್ನು ಗಟ್ಟಿಮಾಡುವ ದ್ರವ್ಯವನ್ನು ನೂರು ಪಾಲಿಗೆ ಒಂದೆರಡು ಪಾಲು ಮಾತ್ರ ಬೆರೆಸುತ್ತಿದ್ದರು. ಹೆಚ್ಚಾದರೆ ಕುದಿದು ಬಿರಿಯುತ್ತದೆ, ಕಡಿಮೆಯಾದರೆ ಎಂದಿಗೂ ಗಟ್ಟಿಯಾಗದೆ ಅಂಟಂಟಾಗಿಯೇ ಉಳಿಯುತ್ತದೆ. ತಂದೆತಾಯಿಗಳು ಮಕ್ಕಳಿಗೆ ಹೇಳುವ ಬುದ್ಧಿಮಾತಿಗೂ ಇದೇ ಪ್ರಮಾಣವೆಂದು ನಮಗೆ ತೋರಿತು.

ಕೊನೆಗೆ ಗೂಟವನ್ನು ಮತ್ತೆ ಹಾಕಬೇಕಲ್ಲವೇ? ಹಗ್ಗ ಕಟ್ಟದೆ ದೋಣಿ ನಿಲ್ಲದು. ಮೇಸ್ತ್ರಿಗಳು ಬೇಕಾದುದಕ್ಕಿಂತ ದೊಡ್ಡ ತೂತು ಕೊರೆದು, ಅದನ್ನು ಪೂರ್ತಿ ರಾಳದಿಂದ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಸಣ್ಣ ತೂತು ಕೊರೆದು ಸ್ಕ್ರೂ ಬಿಗಿದರು. ಈಗ ನೀರು ಇಳಿದರೂ ರಾಳವನ್ನು ಮುಟ್ಟುವುದೇ ಹೊರತು ಮರವನ್ನು ಮುಟ್ಟದು. ಸಂಸಾರದಲ್ಲಿ ತೂತುಗಳಿಲ್ಲದೆ ಆಗದು. ಹಣ, ಆಸ್ತಿ, ಪೂಜೆಯ ಸರದಿ, ಮಕ್ಕಳ ಸಂಬಂಧ ಇವುಗಳ ಮಾತುಕತೆ ಆಗಲೇಬೇಕು. ಆದರೆ ಆ ಮಾತು ಎದೆಯ ಮರಕ್ಕೆ ನೇರವಾಗಿ ತಾಗದಂತೆ ಸುತ್ತಲೂ ವಿನಯವೆಂಬ ರಾಳವನ್ನು ತುಂಬಿ ಅನಂತರ ಆಡಬೇಕು.

ಇಷ್ಟನ್ನು ನಾವು ಬರಿಯ ದೃಷ್ಟಾಂತವಾಗಿ ಹೇಳಿದರೆ ಸಾಲದು. ನಮ್ಮದೇ ದೋಣಿಯ ಮಾತನ್ನು ಹೇಳದಿದ್ದರೆ ಈ ಪೀಠದಲ್ಲಿ ಕುಳಿತದ್ದಕ್ಕೆ ಅರ್ಥವಿಲ್ಲ.

ನಮ್ಮ ತೀರ್ಥರೂಪರು ಐವತ್ತು ವರ್ಷ ದೇವರ ಪೂಜೆ ಮಾಡಿದವರು. ಅವರು ಹರಿಪಾದವನ್ನು ಸೇರಿದ ಮೇಲೆ ಮನೆಯ ಸಾಲಿಗ್ರಾಮದ ಸಂಪುಟವನ್ನು ನಮ್ಮ ಅಣ್ಣನವರು ಹುಬ್ಬಳ್ಳಿಗೆ ಕೊಂಡೊಯ್ದರು. ಜ್ಯೇಷ್ಠರಿಗೆ ಸಲ್ಲತಕ್ಕದ್ದೇ. ಆದರೆ ತೀರ್ಥರೂಪರ ಕೊನೆಯ ಎರಡು ವರ್ಷ ಅವರ ಬಳಿಯಿದ್ದವರು ನಾವು. ಒಂಬತ್ತು ವರ್ಷ ಈ ಸಂಗತಿಯನ್ನು ನಾವಿಬ್ಬರೂ ಆಡಲಿಲ್ಲ. ಪ್ರತಿವರ್ಷ ಶ್ರಾದ್ಧದಲ್ಲಿ ಸೇರುತ್ತಿದ್ದೆವು. ನಾವು ಅವರಿಗೆ ಸಾಷ್ಟಾಂಗ ನಮಸ್ಕರಿಸುತ್ತಿದ್ದೆವು, ಅವರು ಆಶೀರ್ವದಿಸುತ್ತಿದ್ದರು, ಅತ್ತಿಗೆಯವರು ಬಡಿಸುತ್ತಿದ್ದರು. ನೋಡಿದವರು ‘ಅಣ್ಣತಮ್ಮಂದಿರೆಂದರೆ ಹೀಗಿರಬೇಕು’ ಎಂದರು. ಆ ಹೊಗಳಿಕೆಯನ್ನು ನಾವು ಸಂತೋಷದಿಂದ ಸ್ವೀಕರಿಸಿದೆವು. ಚಿಪ್ಪು ಹೊಳೆಯುತ್ತಿತ್ತು. ಸಂಪುಟದ ಮಾತು ಬರುವ ಜಾಗದಲ್ಲಿ ಮಾತ್ರ ಇಬ್ಬರೂ ಪಕ್ಕಕ್ಕೆ ಸರಿದು ನಡೆಯುತ್ತಿದ್ದೆವು.

ಮಲ್ಪೆಯಿಂದ ಹಿಂದಿರುಗಿ, ಆ ವರ್ಷದ ಆಷಾಢ ಏಕಾದಶಿಯಂದು ಹುಬ್ಬಳ್ಳಿಗೆ ಹೋದೆವು. ಮುದ್ರಾಧಾರಣೆ ಮುಗಿಸಿ ಅಣ್ಣನವರ ಮುಂದೆ ಕುಳಿತು, “ಅಣ್ಣಾ, ಸಂಪುಟದ ವಿಷಯದಲ್ಲಿ ನನ್ನ ಮನಸ್ಸು ಸರಿಯಿಲ್ಲ” ಎಂದೆವು. ಅಣ್ಣನವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ಅದು ನನಗೆ ಗೊತ್ತದಪ್ಪಾ. ವೈಕುಂಠ ಸಮಾರಾಧನೆಯ ದಿನ ಎಲ್ಲರ ಎದುರಿಗೆ ನೀ ಏನಂದಿ ಅನ್ನೋದು ನೆನಪದ ಏನು?” ಎಂದು ಕೇಳಿದರು. ನಮಗೆ ನೆನಪಿರಲಿಲ್ಲ. ‘ಸೇವೆಗೆ ಬರಲಾರದವರು ಸಂಪುಟಕ್ಕೆ ಬಂದರು’ ಎಂದು ನಾವು ನಗುತ್ತ ಆಡಿದ್ದೆವಂತೆ. ಬಂಧುಗಳೂ ನಕ್ಕಿದ್ದರಂತೆ. ಆ ಎರಡು ವರ್ಷ ಅಣ್ಣನವರು ಕೆಲಸ ಕಳೆದುಕೊಂಡು, ಯಾರಿಗೂ ಹೇಳದೆ, ಸಾಲ ಮಾಡಿ ತೀರ್ಥರೂಪರ ಔಷಧಕ್ಕೆ ಹಣ ಕಳಿಸುತ್ತಿದ್ದರೆಂಬುದು ನಮಗೆ ಅಂದೇ ತಿಳಿಯಿತು. ಕೊಳೆ ಅಣ್ಣನವರ ಕಡೆಯಿದೆಯೆಂದು ನಾವು ಉಳಿ ಹಿಡಿದು ಹೋಗಿದ್ದೆವು. ಸ್ಕ್ರೂವಿನ ತೂತನ್ನು ಕೊರೆದವರು ನಾವೇ. ಗುರುತು ಹಾಕಿದ್ದಕ್ಕಿಂತ ಬಹುದೂರದವರೆಗೆ ಅದು ಹರಡಿತ್ತು.

ಅಂದೇ ಎಲ್ಲವೂ ಸರಿಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ತೆರೆದಿಟ್ಟದ್ದು ಇನ್ನೂ ಒಣಗುತ್ತಿದೆ. ಒಂದು ವರ್ಷದಲ್ಲಿ ನಾಲ್ಕು ಬಾರಿ ಹೋಗಿ ಬಂದೆವು. ಸಂಪುಟ ಅಲ್ಲಿಯೇ ಇದೆ, ಅಲ್ಲಿಯೇ ಇರತಕ್ಕದ್ದು. ಹೋದ ಸಲ ಅಣ್ಣನವರು ತಾವಾಗಿಯೇ, “ಇವತ್ತಿನ ಪೂಜಾ ನೀನೇ ಮಾಡು” ಎಂದರು. ಅವರು ಗಂಧ ತೇಯ್ದರು, ನಾವು ಅಭಿಷೇಕ ಮಾಡಿದೆವು. ಇನ್ನೂ ಚಿಪ್ಪು ಹೊದಿಸುವ ಕಾಲ ಬಂದಿಲ್ಲವೆಂದು ನಾವಿಬ್ಬರೂ ಬಲ್ಲೆವು. ಅವಸರವಿಲ್ಲ.

ದೃಷ್ಟಾಂತವನ್ನು ಅಳತೆ ಮೀರಿ ಎಳೆಯಬಾರದೆಂದು ಪಾಠಶಾಲೆಯಲ್ಲಿ ನಮಗೆ ಕಲಿಸಿದ್ದಾರೆ. ಕೊಳೆತ ಮರ ಮರಳಿ ಮರವಾಗದು, ಬೇರೆಯದನ್ನೇ ಹಾಕಬೇಕು. ಜೀವನ ವಿಷಯದಲ್ಲಿ ಹಾಗಲ್ಲ. ನಮ್ಮ ಸಿದ್ಧಾಂತದಂತೆ ಜೀವಸ್ವರೂಪಕ್ಕೆ ನಾಶವಿಲ್ಲ, ವಿಕಾರವಿಲ್ಲ. ಕೊಳೆ ಸೇರುವುದು ಅಂತಃಕರಣದಲ್ಲಿ. ಮತ್ತೊಂದು ಭೇದವೂ ಉಂಟು. ದೋಣಿಯನ್ನು ಮೇಸ್ತ್ರಿ ಸರಿಪಡಿಸುತ್ತಾನೆ. ನಮ್ಮನ್ನು ನಾವೇ ಸರಿಪಡಿಸಿಕೊಂಡೆವೆಂಬ ಅಭಿಮಾನ ಬಂದರೆ ಅದೇ ಹೊಸದೊಂದು ತೂತು. ಸ್ವತಂತ್ರನಾದವನು ಶ್ರೀಹರಿಯೊಬ್ಬನೇ. ಒಳಗೆ ನಿಂತು ಕೊಡತಿಯಿಂದ ಬಡಿದು ಎಚ್ಚರಿಸುವವನೂ ಅವನೇ, ಒಣಗಿಸುವ ಬಿಸಿಲೂ ಅವನ ಪ್ರಸಾದವೇ.

ಆದುದರಿಂದ ಈ ಚಾತುರ್ಮಾಸ್ಯದಲ್ಲಿ ವ್ರತಗಳೊಡನೆ ಒಂದು ಕೆಲಸ ಮಾಡೋಣ. ಕಾಯಿಪಲ್ಯ, ಮೊಸರು, ಹಾಲು, ಬೇಳೆಗಳನ್ನು ಬಿಡುವಾಗ, ತಿಂಗಳಿಗೊಂದರಂತೆ, ನಾವು ಸುತ್ತಿ ನಡೆಯುತ್ತಿರುವ ಒಂದೊಂದು ಜಾಗದಲ್ಲಿ ಕಾಲಿಟ್ಟು ನೋಡೋಣ. ಮೆತ್ತಗಿದ್ದರೆ ಗುರುತು ಹಾಕೋಣ. ತಪ್ಪು ಎದುರಿನವರದೆಂದು ಉಳಿ ಹಿಡಿಯುವ ಮೊದಲು ಆ ತೂತನ್ನು ಕೊರೆದವರು ಯಾರೆಂದು ಹುಡುಕೋಣ. ತೆರೆದ ಮೇಲೆ ಅವಸರದಿಂದ ಮುಚ್ಚದಿರೋಣ. ದೋಣಿಗೆ 61 ದಿನ, ನಮಗೆ ನಾಲ್ಕು ತಿಂಗಳು. ದಯಾಮಯನಾದ ಭಗವಂತನು ನಮಗೆ ಹೆಚ್ಚು ಕಾಲವನ್ನೇ ಕೊಟ್ಟಿದ್ದಾನೆ.

ಮೊದಲು ಹೇಳಿದ ಹಡಗಿನ ಮಾತಿಗೆ ಮರಳಿ ಬರುತ್ತೇವೆ. ಆ ಹಡಗಿನವರು ತಳದಲ್ಲಿದ್ದುದನ್ನು ಬರಿಯ ಮಣ್ಣಿನ ಭಾರವೆಂದು ತಿಳಿದಿದ್ದರು. ಶ್ರೀಮದಾಚಾರ್ಯರು ಮಾತ್ರ ತಳದಲ್ಲಿದ್ದುದನ್ನೇ ಬೇಡಿದರು. ನಮ್ಮ ಹೃದಯದ ತಳದಲ್ಲಿಯೂ ಬಿಂಬರೂಪಿಯಾದ ಆ ಕೃಷ್ಣನು ನೆಲೆಸಿದ್ದಾನೆ. ನಾವು ಮೇಲುಹಲಗೆಯನ್ನೇ ತೊಳೆಯುತ್ತಾ, ಬಣ್ಣ ಬಳಿಯುತ್ತಾ ಕಾಲ ಕಳೆದರೆ ಅವನಿರುವೆಡೆಯಲ್ಲಿ ಕೊಳೆ ಬೆಳೆಯುತ್ತದೆ. ಹಲಗೆಯನ್ನೆತ್ತುವುದು ಕಷ್ಟ, ಕಂಡದ್ದನ್ನು ಒಪ್ಪುವುದು ಇನ್ನೂ ಕಷ್ಟ. ಆದರೆ ಎತ್ತಿದವರಿಗೆ ಅಲ್ಲಿ ಸಿಗುವುದು ಕೊಳೆ ಮಾತ್ರವಲ್ಲ. ಅದನ್ನು ತೆಗೆದ ಮೇಲೆ ಅದರಡಿಯಲ್ಲಿ ಅಷ್ಟು ಕಾಲವೂ ನಮ್ಮೊಡನೆಯೇ ಪಯಣ ಮಾಡಿದವನ ದರ್ಶನವಾಗುತ್ತದೆ. ಅಂಥ ದರ್ಶನಕ್ಕೆ ಯೋಗ್ಯವಾದ ಮನಸ್ಸನ್ನು ಶ್ರೀಹರಿವಾಯುಗುರುಗಳು ನಮಗೂ ನಿಮಗೂ ಕರುಣಿಸಲೆಂದು ಪ್ರಾರ್ಥಿಸಿ ಈ ವಾಕ್ಸೇವೆಯನ್ನು ಮುಗಿಸುತ್ತೇವೆ.

॥ ಭಾರತೀರಮಣಮುಖ್ಯಪ್ರಾಣಾಂತರ್ಗತ ಶ್ರೀಕೃಷ್ಣಾರ್ಪಣಮಸ್ತು ॥